ಸಿದ್ಧ ಎಂದ ಮೇಲೆ

ರಾತ್ರಿ ಎರಡು ನಲವತ್ತು. ಕೊನ್ಸೆಪ್ಸಿಯೋನ್ ಊರು, ಬ್ಯಾಂಕಿನ ನೆಲಮಾಳಿಗೆ.
ನೆಲ ಒಮ್ಮೆ ಮೈ ಕೊಡವಿತು, ನಿದ್ದೆಗಣ್ಣಿನ ನಾಯಿಯ ಹಾಗೆ.
ಓರಿಯಾನಾ ಕಿಲೊದ್ರಾನ್ ಮೊದಲು ಕಾಫಿಯ ಲೋಟ ಹಿಡಿದಳು,
ಆಮೇಲೆ ಮೇಜು.
ಚಿಲಿಯವರ ಕೈ ಆ ಕ್ರಮದಲ್ಲೇ ಹೋಗುತ್ತದೆ.

ದೇಶ ಹಗ್ಗದಷ್ಟು ಉದ್ದ. ಲೆಕ್ಕವನ್ನು ತುಂಡು ಮಾಡಿ ಇಟ್ಟಿದ್ದಾರೆ:
ಮರಳುಗಾಡಿನವರ ಖಾತೆಗಳು ಇಕೀಕೆಯ ಯಂತ್ರದಲ್ಲಿ,
ಮಳೆಯ ಕಡೆಯವರವು ಇಲ್ಲಿ, ಅವಳ ಬೆನ್ನ ಹಿಂದೆ.
ಒಂದೊಂದಕ್ಕೂ ತನ್ನದೇ ತಲೆ, ತನ್ನದೇ ನೆನಪು, ತನ್ನದೇ ಡಿಸ್ಕು.
ಒಂದರ ಉಪ್ಪನ್ನು ಇನ್ನೊಂದು ಉಂಡಿಲ್ಲ.
ನಡುವೆ ಇರುವುದು ತಂತಿ.
ಹೇಳಿದ್ದನ್ನು ಒಯ್ಯುತ್ತದೆ, ಕೆಲವೊಮ್ಮೆ ನುಂಗುತ್ತದೆ.

ಆ ರಾತ್ರಿಯ ವಹಿವಾಟು ಒಂದು ದೋಣಿ.
ಲೆಬು ಬಂದರಿನ ಎದುವಿನಾ ಮಾರುವವಳು,
ಇಕೀಕೆಯ ವೆನ್ಸೆಸ್ಲಾವೊ ಚೋಕೆ ಕೊಳ್ಳುವವನು,
ಎಪ್ಪತ್ತು ಲಕ್ಷ ಪೆಸೊ.
ಸಾಂತಿಯಾಗೋದ ಮೇಸ್ತ್ರಿ ಯಂತ್ರ ಇಬ್ಬರನ್ನೂ ಕೇಳಿತು:
ಸಿದ್ಧವೇ?

ಸಿದ್ಧ ಅನ್ನುವುದು ಸುಲಭವಲ್ಲ.
ಮೊದಲು ಬರೆಯಬೇಕು. ಹಳೆಯ ಮೊತ್ತ ಇಷ್ಟು, ಹೊಸದು ಇಷ್ಟು,
ಕರೆಂಟು ಹೋದರೂ ಅಳಿಯದ ಕಡೆ.
ಬಾಯಿಮಾತು ಬೆಳಗಿನ ತನಕ ಬಾಳುವುದಿಲ್ಲ.
ಖಾತೆಗೆ ಬೀಗ ಜಡಿಯಬೇಕು,
ಬೇರೆ ಯಾರೂ ಅರ್ಧ ಬೆಂದದ್ದನ್ನು ತಿನ್ನದ ಹಾಗೆ.
ಇಕೀಕೆ ಬರೆಯಿತು: ಸಿದ್ಧ.
ಇಲ್ಲಿಯದೂ ಬರೆಯಿತು: ಸಿದ್ಧ.
ಆಗಲೇ ನೆಲ ಅಲುಗಿದ್ದು,
ಸಾಂತಿಯಾಗೋದಲ್ಲಿ ದೀಪ ಹೋಗಿದ್ದು.

ಇನ್ನು ಇವೆರಡೂ ತ್ರಿಶಂಕು.
ಮುಂದೆ ಹೋಗಲು ಅಪ್ಪಣೆಯಿಲ್ಲ,
ಹಿಂದೆ ಬರಲು ಕೊಟ್ಟ ಮಾತು ಬಿಡುವುದಿಲ್ಲ.
ತಂತಿಯಲ್ಲಿ ಒಂದನ್ನೊಂದು ಕೇಳಿಕೊಂಡವು:
ನಿನಗೇನಾದರೂ ಹೇಳಿತೇ?
ಇಲ್ಲ. ನಿನಗೆ?
ಬೀಗ ಹಿಡಿದೇ ಕೂತವು.
ಆ ಖಾತೆಯ ಬಾಗಿಲಲ್ಲಿ
ವಿದ್ಯುತ್ ಬಿಲ್ಲೊಂದು, ಔಷಧಿ ಅಂಗಡಿಯ ಬಾಕಿಯೊಂದು
ಸರದಿಯಲ್ಲಿ ನಿಂತವು.

ಓರಿಯಾನಾ ಕೈ ಹಾಕಬಹುದಿತ್ತು. ಒಂದು ಆಜ್ಞೆ, ಬೀಗ ಒಡೆಯುತ್ತದೆ.
ಹಾಕಲಿಲ್ಲ. ಹಿಂದೊಮ್ಮೆ ಹಾಕಿದ್ದಳು:
ಒಂದು ಕಡೆ ಹಣ ಹೋಗಿತ್ತು, ಇನ್ನೊಂದು ಕಡೆ ಬಂದಿರಲಿಲ್ಲ.
ಹನ್ನೊಂದು ದಿನ ಹುಡುಕಿದ್ದಳು ಆ ಹಣವನ್ನು.

ನಾಲ್ಕು ಗಂಟೆಗೆ ಮೇಸ್ತ್ರಿ ಕಣ್ಣು ತೆರೆಯಿತು.
ತಾನು ಯಾರೆಂದು ತಿಳಿಯಲು ತನ್ನದೇ ದಾಖಲೆ ಓದಿತು.
ಕೇಳಿದ್ದು ಇದೆ. ತೀರ್ಮಾನದ ಸಾಲು ಇಲ್ಲ.
ಬರೆಯದ್ದು ಆಗಿಲ್ಲ: ಅಷ್ಟೇ ಅದರ ಧರ್ಮಶಾಸ್ತ್ರ.
ರದ್ದು.
ಎರಡೂ ಕಡೆ ಹಳೆಯ ಮೊತ್ತ ಮರಳಿತು, ಬೀಗ ಕಳಚಿತು,
ಔಷಧಿಯ ಬಾಕಿ ಒಳಗೆ ನುಗ್ಗಿತು.
ಏನೂ ನಡೆದೇ ಇಲ್ಲ.

ಫೋನು ಬಂತು. ಸಹಾಯವಾಣಿಯವರು ದಾಟಿಸಿದ್ದು.
ಮುದುಕಿಯ ದನಿ, ಹಿಂದೆ ಅಲೆ.
'ಹಾಗಾದರೆ ದೋಣಿ ಯಾರದು?'
'ನಿಮ್ಮದೇ, ಸೆನ್ಯೋರಾ. ಇನ್ನೂ ನಿಮ್ಮದೇ.'
'ಹಣ ಬರುತ್ತಿದೆ ಅಂತ ಮೆಸೇಜು ಬಂತಲ್ಲ.
ಹಲಗೆ ಕೊಟ್ಟೆ, ಮೊಳೆ ಕೊಟ್ಟೆ, ಹೆಸರು ಯಾಕೆ ಕೊಡಲಿ?
ಟಾರ್ಚು ಹಿಡಿದು ಹೆಸರು ಕೆರೆಯುತ್ತಾ ಕೂತೆ.
ರೋಸಾಲ್ಬಾ ಅಂತಿತ್ತು. ರೋಸ್ ಹೋಯಿತು.
ಈಗ ಬರೀ ಆಲ್ಬಾ.'
ಅವರ ಭಾಷೆಯಲ್ಲಿ ಹಾಗೆಂದರೆ ನಸುಕು.
ಅದನ್ನು ಇಬ್ಬರೂ ಆಡಲಿಲ್ಲ.

ಪರದೆಯಲ್ಲಿ ಹೊಸ ಸಂಖ್ಯೆ ಮೂಡಿತು.
ಚೋಕೆ ಮತ್ತೆ ಒತ್ತಿದ್ದಾನೆ. ಅದೇ ದೋಣಿ, ಅದೇ ಮೊತ್ತ.
ಸಿದ್ಧವೇ? ಸಿದ್ಧ.
ಸಿದ್ಧವೇ? ಸಿದ್ಧ.
ಓರಿಯಾನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು,
ಚಾಕು ಮತ್ತೆ ಶುರುವಾಗುತ್ತದೇನೋ ಎಂದು.
ಕೇಳಿದ್ದು ಕಡಲು. ಆಮೇಲೆ ಒಂದು ಕೆಮ್ಮು.